ಒಡೆದ ಮಡಕೆಗೂ ಕೆಲಸವಿದೆ

ಬೇಸಿಗೆ ಬಂತೆಂದರೆ ನಮ್ಮ ಕೊತ್ತಪಲ್ಲಿಯ ಮನೆಗಳಲ್ಲಿ ಮೊದಲು ಬದಲಾಗುವುದು ನೀರಿನ ಗಡಿಗೆ. ಹಳೆಯದು ಹಿತ್ತಲಿಗೆ ಹೋಗುತ್ತದೆ, ಹೊಸದು ಅಡುಗೆಮನೆಯ ಮೂಲೆಗೆ ಬರುತ್ತದೆ. ಫ್ರಿಜ್ ಇರುವ ಮನೆಗಳಲ್ಲೂ ಹಿರಿಯರಿಗೆ ಗಡಿಗೆಯ ನೀರೇ ಬೇಕು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ತಪಸ್ಸು ಕಾಲವೂ ಬರುತ್ತದೆ. ವಿಭೂತಿ ಬುಧವಾರದಂದು ಗುರುಗಳು ಹಣೆಗೆ ಬೂದಿ ಹಚ್ಚಿ ನಾವು ಮಣ್ಣಿನವರೆಂಬುದನ್ನು ನೆನಪಿಸುತ್ತಾರೆ. ನಾವು ತಲೆ ಬಾಗಿಸಿ ಬೂದಿ ಹಚ್ಚಿಸಿಕೊಳ್ಳುತ್ತೇವೆ. ಮನೆಗೆ ಬರುವಷ್ಟರಲ್ಲಿ ಮರೆತಿರುತ್ತೇವೆ.

ಕಳೆದ ವರ್ಷ ಬೇಸಿಗೆಯಲ್ಲಿ ಗಡಿಗೆ ತರಲು ಸಂತೆಗೆ ಹೋದಾಗ ಮಗನೂ ಜೊತೆಗಿದ್ದ. ಅವನಾಗಿ ಬಂದದ್ದಲ್ಲ, ಅವರಮ್ಮ ಕಳಿಸಿದ್ದು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಕಾರಣವನ್ನು ಆಮೇಲೆ ಹೇಳುತ್ತೇವೆ.

ಬೇವಿನ ಮರದ ನೆರಳಿನಲ್ಲಿ ಕುಂಬಾರ ಅಜ್ಜ ಗಡಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದ. ಎಲ್ಲರೂ ಮಾಡುವಂತೆ ನಾವೂ ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಿಂದ ಬಡಿದು ನೋಡಿದೆವು. ಟಣ್ ಎಂದರೆ ಗಟ್ಟಿ. ಬದ್ ಎಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದರ್ಥ. ಪಕ್ಕದಲ್ಲಿ ಒಂದು ಗಡಿಗೆಯನ್ನು ಬೇರೆಯಾಗಿ ಇಟ್ಟಿದ್ದ.

"ಇದಕ್ಕೇನಾಗ್ಯದ ಅಜ್ಜಾ?" ಎಂದೆವು.

"ಬಾಯಿ ಒಂದೀಟು ಸೊಟ್ಟ ಆಗ್ಯದ ಸಾರ್. ನೀರಿಗೇನೂ ಆಗಂಗಿಲ್ಲ. ತಂಪು ಅಷ್ಟೇ ಇರ್ತದ. ಹತ್ತು ರೂಪಾಯಿ ಕಮ್ಮಿ ಕೊಡ್ರಿ."

ಆಗ ನಮ್ಮ ಮಗ ಬಾಯಿ ಬಿಟ್ಟ. "ಮತ್ತ ಒಡದು ಹೋದದ್ದು ಏನ್ ಮಾಡ್ತೀ ಅಜ್ಜಾ?"

"ಒಡದದ್ದು ಒಗೆಯಂಗಿಲ್ಲ ತಮ್ಮಾ. ಆವಗಿ ಮುಚ್ಚಾಕ ಬೋಕಿನೇ ಬೇಕು. ಹಳೇ ಬೋಕಿ ಮ್ಯಾಲ ಹೊಚ್ಚಿದರೇನೇ ಹೊಸಾ ಗಡಿಗಿ ಚೊಲೊ ಸುಡ್ತಾವ."

ಬೋಕಿ ಎಂದರೆ ಒಡೆದ ಮಡಕೆಯ ಚೂರು. ಹಳ್ಳಿಯ ಆವಗಿಯಲ್ಲಿ ಹಸಿ ಮಡಕೆಗಳನ್ನು ಸೌದೆ, ಹುಲ್ಲು, ಕುಳ್ಳುಗಳ ಜೊತೆ ಒಟ್ಟಿ, ಮೇಲೆ ಈ ಚೂರುಗಳನ್ನು ಹೊದಿಸುತ್ತಾರೆ. ಒಳಗಿನ ಕಾವು ಆರಿಹೋಗದಂತೆ, ಹೊರಗಿನ ತಣ್ಣನೆಯ ಗಾಳಿ ನೇರವಾಗಿ ತಾಗದಂತೆ ಅವು ಕಾಯುತ್ತವೆ. ಅಜ್ಜ ಇದನ್ನು ಉಪದೇಶವೆಂದು ಹೇಳಲಿಲ್ಲ, ತನ್ನ ಕಸುಬಿನ ಮಾತನ್ನು ಹೇಳಿದ, ಅಷ್ಟೇ. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಬಹಳ ಹಿಂದೆ ನಾವು ಓದಿದ್ದ ಒಬ್ಬ ಸನ್ಯಾಸಿಯ ನೆನಪಾಯಿತು. ಅವರೂ ಕುಂಬಾರರೇ. ಆದರೆ ತಾವೇ ಮಾಡಿದ ಪಾತ್ರೆಗಳನ್ನು ತಾವೇ ಒಡೆದು ಹಾಕುತ್ತಿದ್ದ ಕುಂಬಾರರು. ಈ ಸಲ ಅವರ ವಿಷಯ ಹೇಳಬೇಕೆನಿಸಿದೆ.

ಮಣ್ಣು ಒಂದೇ, ಬೆಂಕಿ ಬೇರೆ

ಅದಕ್ಕೆ ಮೊದಲು ಕುಂಬಾರಿಕೆಯ ಬಗ್ಗೆ ನಾಲ್ಕು ಮಾತು. ನಮ್ಮ ನಾಡಿನಲ್ಲಿ ಈ ಕಸುಬಿಗೆ ದೊಡ್ಡ ಗೌರವವಿತ್ತು. ಶರಣರಲ್ಲಿ ಒಬ್ಬರು ಕುಂಬಾರ ಗುಂಡಯ್ಯ. ಗಡಿಗೆ ಬಡಿಯುವ ಸದ್ದನ್ನೇ ಅವರು ಭಕ್ತಿಯ ವಾದ್ಯ ಮಾಡಿಕೊಂಡರೆಂದು ಹೇಳುತ್ತಾರೆ. ಹರಿಹರ ಕವಿ ಅವರ ಮೇಲೆ ಒಂದು ರಗಳೆಯನ್ನೇ ಬರೆದಿದ್ದಾನೆ. ಪವಿತ್ರ ಬೈಬಲ್‌ನಲ್ಲಂತೂ ದೇವರೇ ಮೊದಲ ಕುಂಬಾರ. ಆದಿಕಾಂಡದಲ್ಲಿ ಅವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಉಸಿರು ಊದುತ್ತಾರೆ.

ನಮ್ಮ ಹಳ್ಳಿಯ ಆವಗಿಯ ಕಾವು ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಕಾವಿಗೆ ಮಣ್ಣು ಗಟ್ಟಿಯಾಗುತ್ತದೆ, ಆದರೆ ಕಣ್ಣಿಗೆ ಕಾಣದ ರಂಧ್ರಗಳು ಹಾಗೇ ಉಳಿಯುತ್ತವೆ. ಅವುಗಳ ಮೂಲಕ ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಗಡಿಗೆ ತಂಪಾಗುವುದರ ಗುಟ್ಟು ಇದೇ. ಅದರ ಕೊರತೆಯೇ ಅದರ ಗುಣ.

ಕಾವು ಇನ್ನೂ ಏರಿ 1200 ಡಿಗ್ರಿ ದಾಟಿದರೆ, ಅದನ್ನು ತಾಳುವ ಮಣ್ಣು ಒಳಗೊಳಗೇ ಬೆಸೆದುಕೊಂಡು ಕಲ್ಲಿನಂತಾಗುತ್ತದೆ. ಅದಕ್ಕೆ ಸ್ಟೋನ್‌ವೇರ್ ಎನ್ನುತ್ತಾರೆ. 1300 ಡಿಗ್ರಿಯ ಆಸುಪಾಸಿನಲ್ಲಿ ಬಿಳಿಯ ಪಿಂಗಾಣಿ ಬರುತ್ತದೆ. ಇವು ನೀರನ್ನು ಹೀರುವುದಿಲ್ಲ. ಮೇಲೆ ಗಾಜಿನಂತಹ ಮೆರುಗು, ಅಂದರೆ ಗ್ಲೇಜ್, ಕೂಡಿಸಬಹುದು.

ಕಾರ್ಖಾನೆಯಲ್ಲಿ ಕಪ್ಪು ಬಸಿಗಳು ಸಾವಿರಗಟ್ಟಲೆ ಬರುತ್ತವೆ. ಒಬ್ಬ ಕಲಸುತ್ತಾನೆ, ಒಬ್ಬ ಅಚ್ಚಿಗೆ ಹಾಕುತ್ತಾನೆ, ಒಬ್ಬ ಬಣ್ಣ ಬಳಿಯುತ್ತಾನೆ. ಇದಕ್ಕೆ ಬೇರೆಯಾಗಿ, ಮಣ್ಣು ಹದ ಮಾಡುವುದರಿಂದ ಹಿಡಿದು ಬೆಂಕಿಯವರೆಗೆ ಒಬ್ಬನೇ ಕುಂಬಾರ ಅಥವಾ ನಾಲ್ಕಾರು ಮಂದಿಯ ಗುಂಪು ಮಾಡುವ ಕೆಲಸಕ್ಕೆ ಸ್ಟುಡಿಯೋ ಪಾಟರಿ ಎಂಬ ಹೆಸರು ಬಂತು. ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಎಂಬವರು ಜಪಾನಿನಲ್ಲಿ ಕಲಿತು, ಜಪಾನಿನ ಶೋಜಿ ಹಮಾದ ಎಂಬ ಗೆಳೆಯರೊಡನೆ 1920ರಲ್ಲಿ ಸೇಂಟ್ ಐವ್ಸ್ ಎಂಬ ಊರಿನಲ್ಲಿ ಇಂಥ ಕಾರ್ಯಾಗಾರ ತೆರೆದರು. ನಮ್ಮ ದೇಶದಲ್ಲಿ ಈ ಹಾದಿಯ ಹಿರಿಯರು ಸರ್ದಾರ್ ಗುರುಚರಣ್ ಸಿಂಗ್. ಅವರೂ ಜಪಾನಿನಲ್ಲಿ ಕಲಿತವರು. 1952ರಲ್ಲಿ ದೆಹಲಿಯಲ್ಲಿ ತಮ್ಮದೇ ಕಾರ್ಯಾಗಾರ ಆರಂಭಿಸಿದರು, 1991ರಲ್ಲಿ ಪದ್ಮಶ್ರೀ ಪಡೆದರು, 1995ರಲ್ಲಿ ತೀರಿಕೊಂಡರು. ದಕ್ಷಿಣದಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಎಂಬ ಅಮೆರಿಕನ್ನರಿಬ್ಬರು 1971ರಲ್ಲಿ ಪಾಂಡಿಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಸ್ಥಾಪಿಸಿದರು. ಸರ್ವೆ ಮರದ ಸೌದೆಯ ಬೆಂಕಿಯಲ್ಲಿ ಸ್ಟೋನ್‌ವೇರ್ ಸುಡುವುದನ್ನು ಅಲ್ಲಿನ ಹಳ್ಳಿಯವರಿಗೆ ಕಲಿಸಿದರು. ಇಂದು ಭಾರತದಲ್ಲಿ ಹೆಸರು ಮಾಡಿರುವ ಅನೇಕ ಕುಂಬಾರ ಕಲಾವಿದರು ಅಲ್ಲಿ ತಿಗರಿ ಹಿಡಿದವರೇ. ಕರ್ನಾಟಕದಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಅದೇ ಆಯೋಗ 2018ರಿಂದ ಕುಂಬಾರ ಕುಟುಂಬಗಳಿಗೆ ವಿದ್ಯುತ್ ತಿಗರಿಗಳನ್ನು ಕೊಡುತ್ತಾ ಬಂದಿದೆ.

ಇವರೆಲ್ಲರ ಸಾಲಿನಲ್ಲೇ, ಆದರೆ ನಮ್ಮ ಧರ್ಮಸಭೆಯ ಒಂದು ಮಠದೊಳಗೆ ಕುಳಿತು ತಿಗರಿ ತಿರುಗಿಸಿದವರು ಬ್ರದರ್ ಥಾಮಸ್.

ಮಠದೊಳಗಿನ ತಿಗರಿ

ಬ್ರದರ್ ಥಾಮಸ್ ಬೆಜಾನ್ಸನ್ ಹುಟ್ಟಿದ್ದು 1929ರಲ್ಲಿ, ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಎಂಬ ಸಮುದ್ರತೀರದ ಊರಿನಲ್ಲಿ. ಯೌವನದಲ್ಲಿ ಅಲ್ಲಿನ ಕಲಾಶಾಲೆಯಲ್ಲಿ ಕಲಿತರು. 1959ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ವೆಸ್ಟನ್ ಮಠವನ್ನು ಸೇರಿದರು. ಅದು 1953ರಲ್ಲಿ ಆರಂಭವಾದ ಬೆನೆಡಿಕ್ಟ್ ಸಭೆಯ ಸಣ್ಣ ಮಠ. ಅವರು ಯಾಜಕರಾಗಲಿಲ್ಲ, ಕೊನೆಯವರೆಗೂ 'ಬ್ರದರ್' ಆಗಿಯೇ ಉಳಿದರು.

ಸಂತ ಬೆನೆಡಿಕ್ಟರ ಮಠಗಳಲ್ಲಿ ಪ್ರಾರ್ಥನೆ ಮತ್ತು ದುಡಿಮೆ ಒಂದೇ ನೊಗದ ಎರಡು ಎತ್ತುಗಳು. ಮಠದ ಹಾರೆ, ಗುದ್ದಲಿ, ಪಾತ್ರೆಪರಡಿಗಳನ್ನೆಲ್ಲ ಬಲಿಪೀಠದ ಪಾತ್ರೆಗಳಂತೆ ಜೋಪಾನ ಮಾಡಬೇಕೆಂದು ಅವರ ನಿಯಮ ಹೇಳುತ್ತದೆ. ಕೈಕಸುಬು ಬಲ್ಲ ಸನ್ಯಾಸಿಗಳ ಬಗ್ಗೆ ಅದರಲ್ಲಿ ಒಂದು ಅಧ್ಯಾಯವೇ ಇದೆ, 57ನೆಯದು. ಅದರ ಸಾರ ಇಷ್ಟು: ಕಸುಬು ಬಲ್ಲವರು ವಿನಯದಿಂದ ಮಾಡಲಿ. ತನ್ನಿಂದಲೇ ಮಠಕ್ಕೆ ಲಾಭವಾಗುತ್ತಿದೆ ಎಂಬ ಜಂಬ ಯಾರಿಗಾದರೂ ಬಂದರೆ, ಆ ಕಸುಬಿನಿಂದಲೇ ಅವನನ್ನು ಬಿಡಿಸಬೇಕು. ಮಾರುವಾಗ ಹೊರಗಿನವರಿಗಿಂತ ಸ್ವಲ್ಪ ಕಡಿಮೆ ಬೆಲೆಗೇ ಮಾರಬೇಕು. ಸುಮಾರು 1500 ವರ್ಷಗಳ ಹಿಂದಿನ ಈ ಮಾತು ನಮ್ಮ ಕಥೆಯ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ, ಓದುಗರು ನೆನಪಿಟ್ಟುಕೊಳ್ಳಲಿ.

ಬ್ರದರ್ ಥಾಮಸ್ ಮಠದಲ್ಲಿ ಮಣ್ಣಿನ ಕೆಲಸ ಮುಂದುವರಿಸಿದರು. ನಡುವಯಸ್ಸು ದಾಟಿದ ಮೇಲೂ, 1970ರ ದಶಕದಲ್ಲಿ, ಪಿಂಗಾಣಿ ವಿದ್ಯೆಗೆ ಹೆಸರಾದ ಆಲ್‌ಫ್ರೆಡ್ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಹೋದರು. ನಲವತ್ತೈದು ದಾಟಿದ ಸನ್ಯಾಸಿ ಹುಡುಗರ ಜೊತೆ ಬೆಂಚಿನ ಮೇಲೆ ಕುಳಿತು ರಸಾಯನಶಾಸ್ತ್ರ ಕಲಿಯುವುದನ್ನು ಊಹಿಸಿಕೊಳ್ಳಿ! ಆಮೇಲೆ ಜಪಾನಿಗೂ ಹೋಗಿ ಅಲ್ಲಿನ ಹಿರಿಯ ಕುಂಬಾರರನ್ನು ಕಂಡು ಬಂದರು. 1980ರ ದಶಕದಲ್ಲಿ ವೆಸ್ಟನ್ ಬಿಟ್ಟು, ಪೆನ್ಸಿಲ್ವೇನಿಯಾ ರಾಜ್ಯದ ಈರಿ ಎಂಬ ನಗರದಲ್ಲಿ ಬೆನೆಡಿಕ್ಟ್ ಸಭೆಯ ಭಗಿನಿಯರ ಮಠದ ಆಶ್ರಯದಲ್ಲಿ ಕೆಲಸ ಮುಂದುವರಿಸಿದರು. 2007ರಲ್ಲಿ ಅಲ್ಲಿಯೇ ತೀರಿಕೊಂಡರು.

ಬಣ್ಣ ಕೊಡುವ ಬೆಂಕಿ

ಅವರು ಆರಿಸಿಕೊಂಡದ್ದು ಪಿಂಗಾಣಿ ಮಣ್ಣು. ಕುಂಬಾರರ ಪ್ರಕಾರ ಎಲ್ಲಕ್ಕಿಂತ ಹಟಮಾರಿ ಮಣ್ಣು ಇದೇ. ಬಿಳಿಯ ಚೀನಾಮಣ್ಣು, ಫೆಲ್ಡ್‌ಸ್ಪಾರ್ ಎಂಬ ಕಲ್ಲಿನ ಪುಡಿ, ಬೆಣಚುಕಲ್ಲಿನ ಪುಡಿ, ಇವು ಸೇರಿ ಆಗುವಂಥದು. ನಮ್ಮ ಕೆರೆಯ ಜೇಡಿಗಿರುವ ಅಂಟು ಇದಕ್ಕಿಲ್ಲ. ತಿಗರಿಯ ಮೇಲೆ ನೀರು ಒಂದಿಷ್ಟು ಹೆಚ್ಚಾದರೆ ಕುಸಿಯುತ್ತದೆ, ಕಡಿಮೆಯಾದರೆ ಹರಿಯುತ್ತದೆ.

ಕೆಲಸದ ಕ್ರಮ ನಮ್ಮೂರ ಅಜ್ಜನದೂ ಬ್ರದರ್ ಥಾಮಸರದೂ ಮೊದಮೊದಲು ಒಂದೇ. ಮಣ್ಣನ್ನು ರೊಟ್ಟಿ ಹಿಟ್ಟಿನಂತೆ ನಾದಿ ಒಳಗಿನ ಗಾಳಿಯ ಗುಳ್ಳೆಗಳನ್ನು ಹೊರಹಾಕಬೇಕು. ಮುದ್ದೆಯನ್ನು ತಿಗರಿಯ ನಟ್ಟನಡುವೆ ಕೂರಿಸಬೇಕು. ನಡು ತಪ್ಪಿದರೆ ಮುಂದೆ ಏನು ಮಾಡಿದರೂ ಪಾತ್ರೆ ಓಲಾಡುತ್ತದೆ. ಆಮೇಲೆ ಹೆಬ್ಬೆರಳಿನಿಂದ ಬಾಯಿ ತೆರೆದು, ಒಳಗೊಂದು ಕೈ, ಹೊರಗೊಂದು ಕೈ ಹಿಡಿದು ಗೋಡೆಯನ್ನು ಮೇಲಕ್ಕೆ ಎಬ್ಬಿಸಬೇಕು. ಒಳಗಿನ ಕೈ ಆಧಾರ ಕೊಡುತ್ತದೆ, ಹೊರಗಿನ ಕೈ ಒತ್ತುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಗೋಡೆ ನಿಲ್ಲದು. ಮಕ್ಕಳನ್ನು ಬೆಳೆಸುವ ತಂದೆತಾಯಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಾತ್ರೆ ಚರ್ಮದ ಹದಕ್ಕೆ ಒಣಗಿದ ಮೇಲೆ ಬುಡವನ್ನು ಹೆರೆದು ತೆಳ್ಳಗೆ ಮಾಡುತ್ತಾರೆ. ಪೂರ್ತಿ ಒಣಗಿದ ಮೇಲೆ ಮೊದಲ ಸುಡುವಿಕೆ, ಸುಮಾರು 1000 ಡಿಗ್ರಿಗೆ. ಆಮೇಲೆ ಮೆರುಗಿನ ದ್ರವದಲ್ಲಿ ಅದ್ದಿ ಎರಡನೆಯ ಸುಡುವಿಕೆ, ಸುಮಾರು 1300 ಡಿಗ್ರಿಗೆ. ಇಷ್ಟರಲ್ಲಿ ಪಿಂಗಾಣಿ ಪಾತ್ರೆ ಮೊದಲಿದ್ದುದಕ್ಕಿಂತ ಎಂಟನೆಯ ಒಂದು ಪಾಲಿನಷ್ಟು ಕುಗ್ಗಿರುತ್ತದೆ. ಆ ಕಾವಿನಲ್ಲಿ ಪಿಂಗಾಣಿ ಮೆತ್ತಗಾಗುತ್ತದೆ. ಎಲ್ಲಾದರೂ ಗೋಡೆ ದಪ್ಪ ತೆಳು ಆಗಿದ್ದರೆ ಅಲ್ಲೇ ಸೊಟ್ಟಗಾಗುತ್ತದೆ. ಕುಲುಮೆ ತಣಿಯಲು ಒಂದೆರಡು ದಿನವಾದರೂ ಬೇಕು. ಅವಸರಪಟ್ಟು ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಾಗಿ ಬಿರುಕು ಬಿಡುತ್ತದೆ.

ಬಣ್ಣದ ವಿಷಯವಂತೂ ಸೋಜಿಗದ್ದು. ಮೆರುಗಿನೊಳಗೆ ಹಾಕುವುದು ಕಬ್ಬಿಣ, ತಾಮ್ರದಂತಹ ಲೋಹಗಳ ಪುಡಿ. ಕುಲುಮೆಗೆ ಗಾಳಿ ಧಾರಾಳವಾಗಿ ಬಿಟ್ಟರೆ ಕಬ್ಬಿಣ ಹಳದಿ ಕಂದು ಬಣ್ಣ ಕೊಡುತ್ತದೆ, ತಾಮ್ರ ಹಸಿರು ಕೊಡುತ್ತದೆ. ಗಾಳಿಯನ್ನು ಕಟ್ಟಿ, ಬೆಂಕಿಗೆ ಉಸಿರು ಕಟ್ಟುವಂತೆ ಮಾಡಿದರೆ, ಆ ಬೆಂಕಿ ತನಗೆ ಬೇಕಾದ ಆಮ್ಲಜನಕವನ್ನು ಮೆರುಗಿನೊಳಗಿಂದಲೇ ಕಿತ್ತುಕೊಳ್ಳುತ್ತದೆ. ಆಗ ಅದೇ ಕಬ್ಬಿಣ ತಿಳಿ ಹಸಿರಾಗುತ್ತದೆ. ಇದಕ್ಕೆ ಸೆಲಡಾನ್ ಎನ್ನುತ್ತಾರೆ. ಅದೇ ತಾಮ್ರ ರಕ್ತದಂತೆ ಕೆಂಪಾಗುತ್ತದೆ. ಕಬ್ಬಿಣ ಹೆಚ್ಚಾಗಿದ್ದರೆ ಟೆನ್ಮೊಕು ಎಂಬ ಕಪ್ಪು ಮೆರುಗು ಬರುತ್ತದೆ. ಇವೆಲ್ಲ ಚೀನಾ, ಜಪಾನ್‌ಗಳ ಪ್ರಾಚೀನ ವಿದ್ಯೆಗಳು. ಬ್ರದರ್ ಥಾಮಸ್ ಈ ಬಣ್ಣಗಳಲ್ಲಿ ಕೈ ಪಳಗಿಸಿಕೊಂಡರು. ನಮ್ಮ ದೇಶದ ನಿರ್ಮಲಾ ಪಟವರ್ಧನ್ ಎಂಬವರೂ ಇಂತಹ ಮೆರುಗುಗಳನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ, 1984ರಲ್ಲಿ ಕುಂಬಾರರಿಗಾಗಿ ಒಂದು ಕೈಪಿಡಿಯನ್ನೇ ಬರೆದರು.

ತಾಮ್ರದ ಕೆಂಪು ಮಾತ್ರ ಯಾರ ಮಾತನ್ನೂ ಕೇಳದ ಬಣ್ಣ. ಗಾಳಿ ಸ್ವಲ್ಪ ಹೆಚ್ಚಾದರೆ ಹಸಿರಾಗುತ್ತದೆ, ಕಾವು ಮಿತಿಮೀರಿದರೆ ಬಣ್ಣವೇ ಹಾರಿಹೋಗುತ್ತದೆ. ಒಂದೇ ಕುಲುಮೆಯಲ್ಲಿ ಪಕ್ಕಪಕ್ಕದಲ್ಲಿಟ್ಟ ಎರಡು ಪಾತ್ರೆಗಳು ಎರಡು ಬಣ್ಣವಾಗಿ ಬರುವುದುಂಟು. ಕುಂಬಾರ ತನ್ನಿಂದಾದದ್ದನ್ನೆಲ್ಲ ಮಾಡಿ ಬಾಗಿಲು ಮುಚ್ಚುತ್ತಾನೆ. ಮುಂದಿನದು ಬೆಂಕಿಯ ಕೆಲಸ. ಕಾಯುವುದಷ್ಟೇ ಅವನ ಪಾಲು.

ಸುತ್ತಿಗೆ ಯಾರ ಮೇಲೆ?

ಕುಲುಮೆಯ ಬಾಗಿಲು ತೆರೆದ ಮೇಲೆ ಬ್ರದರ್ ಥಾಮಸ್ ಒಂದೊಂದು ಪಾತ್ರೆಯನ್ನೂ ಎತ್ತಿ ನೋಡುತ್ತಿದ್ದರು. ಮನಸ್ಸಿಗೆ ಒಪ್ಪದವುಗಳನ್ನು ಒಡೆದು ಹಾಕುತ್ತಿದ್ದರು. ಉಳಿಯುತ್ತಿದ್ದವು ಕೆಲವೇ, ಬಹುಪಾಲು ಒಡೆಯಲ್ಪಡುತ್ತಿದ್ದವು. ನೀರು ನಿಲ್ಲದವು, ಬಿರುಕು ಬಿಟ್ಟವು ಮಾತ್ರವಲ್ಲ, ಬೇರೆಯವರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿದ್ದವು ಕೂಡ. ಉಳಿದವು ಅಮೆರಿಕದ ದೊಡ್ಡ ದೊಡ್ಡ ವಸ್ತು ಸಂಗ್ರಹಾಲಯಗಳನ್ನು ಸೇರಿದವು.

ನಾವು ಇದನ್ನು ಮೊದಲು ಓದಿದಾಗ ಬಹಳ ಮೆಚ್ಚಿದ್ದೆವು. ಕೆಲಸವೆಂದರೆ ಹೀಗಿರಬೇಕು, ಅರೆಬರೆ ಆದದ್ದಕ್ಕೆ ಜಾಗವಿರಬಾರದು ಎಂದುಕೊಂಡಿದ್ದೆವು. ಮನೆಯಲ್ಲಿ ಮಕ್ಕಳಿಗೂ ಈ ಕಥೆ ಹೇಳಿದ್ದೆವು. ಈಗ ಆ ಮೌನದ ಕಾರಣಕ್ಕೆ ಬರೋಣ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಇಂಟರ್ ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಮಗ ಎರಡು ವಿಷಯಗಳಲ್ಲಿ ಫೇಲಾಗಿದ್ದ. ಆ ಹೊತ್ತಿಗೆ ಬಂಧುಗಳ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಅವರ ಮಗಳಿಗೆ ಇಷ್ಟು, ಇವರ ಮಗನಿಗೆ ಅಷ್ಟು. ಸಾಲ ಮಾಡಿ ಫೀಸು ಕಟ್ಟಿದ್ದೆವು. ಭಾನುವಾರ ಪೂಜೆ ಮುಗಿಸಿ ಹೊರಬಂದಾಗ ಜನ ಕೇಳಿದರೆ ಏನು ಹೇಳುವುದೆಂಬ ಸಂಕಟ ಬೇರೆ. ಅಂದು ರಾತ್ರಿ ಊಟಕ್ಕೆ ಕುಳಿತಾಗ ನಾವು ಆಡಬಾರದ ಮಾತು ಆಡಿದೆವು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹುಡುಗ ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಮನೆಯಲ್ಲಿ ಅವನ ದನಿ ಕೇಳಲಿಲ್ಲ. ಕುಂಬಾರ ಅಜ್ಜನೊಂದಿಗೆ ಆಡಿದ್ದೇ ಎಷ್ಟೋ ದಿನಗಳಲ್ಲಿ ನಮ್ಮ ಕಿವಿಗೆ ಬಿದ್ದ ಅವನ ಮೊದಲ ಮಾತು. ಅದೂ ಏನೆಂದು? ಒಡೆದು ಹೋದದ್ದನ್ನು ಏನು ಮಾಡುತ್ತೀರಿ ಎಂದು. ಅವನು ಗಡಿಗೆಯ ವಿಷಯ ಕೇಳಿರಲಿಲ್ಲವೆಂದು ತಿಳಿಯಲು ನಮಗೆ ಸಂಜೆಯಾಯಿತು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಪ್ರವಾದಿ ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯ ತೆರೆದೆವು. ದೇವರು ಪ್ರವಾದಿಯನ್ನು ಕುಂಬಾರನ ಮನೆಗೆ ಕಳಿಸುತ್ತಾರೆ. ತಿಗರಿಯ ಮೇಲಿದ್ದ ಪಾತ್ರೆ ಕೈಯಲ್ಲೇ ಕೆಟ್ಟುಹೋಗುತ್ತದೆ. ಕುಂಬಾರ ಆ ಮಣ್ಣನ್ನು ಎಸೆಯುವುದಿಲ್ಲ. ಅದನ್ನೇ ಮತ್ತೆ ಮುದ್ದೆ ಮಾಡಿ ತನಗೆ ಸರಿಕಂಡಂತೆ ಬೇರೊಂದು ಪಾತ್ರೆ ಮಾಡುತ್ತಾನೆ. ಎಷ್ಟೋ ಸಲ ಕೇಳಿದ ವಾಚನ. ಅಂದು ಮಾತ್ರ ಒಂದು ವಿಷಯ ಹೊಸದಾಗಿ ಕಂಡಿತು. ಪಾತ್ರೆ ಕೆಟ್ಟದ್ದು ಕುಂಬಾರನ ಕೈಯಲ್ಲೇ. ಆದರೂ ಅವನು ಮಣ್ಣನ್ನು ಬೈಯಲಿಲ್ಲ.

ಕುಂಬಾರರಿಗೆ ಇದು ದಿನನಿತ್ಯದ ಅನುಭವ. ಹಸಿಯಾಗಿರುವ ತನಕ ಎಷ್ಟು ಸಲ ಕೆಟ್ಟರೂ ಮಣ್ಣು ಮಣ್ಣೇ. ಒಣಗಿದ್ದರೂ ನೀರಲ್ಲಿ ಹಾಕಿದರೆ ಮತ್ತೆ ಕೆಸರಾಗುತ್ತದೆ. ಸುಮಾರು 600 ಡಿಗ್ರಿ ದಾಟಿದ ಮೇಲೆ ಮಾತ್ರ ಅದರೊಳಗೆ ಬೆರೆತಿದ್ದ ನೀರು ಬಿಟ್ಟುಹೋಗಿ ಅದು ಮತ್ತೆ ಕೆಸರಾಗದು. ಹದಿನೇಳು ವರ್ಷದ ಹುಡುಗ ಇನ್ನೂ ಹಸಿ ಮಣ್ಣು. ಅವನನ್ನು ಸುಟ್ಟು ಮುಗಿದ ಪಾತ್ರೆಯೆಂದು ತಿಳಿದು ಬಡಿದು ನೋಡಿದವರು ನಾವು.

ಹಾಗಾದರೆ ಬ್ರದರ್ ಥಾಮಸ್ ಮಾಡಿದ್ದು ತಪ್ಪೇ? ಹಾಗೆ ಹೇಳಲಾರೆವು. ಸಂತ ಬೆನೆಡಿಕ್ಟರ 57ನೆಯ ಅಧ್ಯಾಯವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆವಲ್ಲ? ಕಸುಬುದಾರನ ಮೊದಲ ಶತ್ರು ಜಂಬ. ಬ್ರದರ್ ಥಾಮಸರು ಒಡೆದದ್ದು ತಮ್ಮದೇ ಕೈಕೆಲಸವನ್ನು. ಕೊಳ್ಳುವವರಿದ್ದರು, ಮಾರಿದ್ದರೆ ಹಣ ಬರುತ್ತಿತ್ತು, ಹೊಗಳಿಕೆಯೂ ಬರುತ್ತಿತ್ತು. ಅದನ್ನು ಬಿಟ್ಟುಕೊಟ್ಟರು. ಆ ಸುತ್ತಿಗೆ ಬಿದ್ದದ್ದು ಪಾತ್ರೆಯ ಮೇಲಾದರೂ ತಾಗಿದ್ದು ತಮಗೇ ಎಂದು ನಮಗನಿಸುತ್ತದೆ. ಅವರು ತೀರಿಕೊಂಡ ಮೇಲೆ ಅವರ ಪಾತ್ರೆಗಳ ಮಾರಾಟದ ಹಣ, ಅವರ ಇಚ್ಛೆಯಂತೆಯೇ, ಕಷ್ಟದಲ್ಲಿರುವ ಬೇರೆ ಕಲಾವಿದರಿಗೆ ನೆರವಾಗುವಂತೆ ಬಾಸ್ಟನ್ ನಗರದಲ್ಲಿ ಅವರ ಹೆಸರಿನ ಫೆಲೋಷಿಪ್ ಆಯಿತು. ಪಾತ್ರೆಗಳ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿದ್ದವರು ಮನುಷ್ಯರ ಬಗ್ಗೆ ಹಾಗಿರಲಿಲ್ಲ.

ನಾವು ಮಾಡಿದ್ದು ಇದಕ್ಕೆ ತಲೆಕೆಳಗು. ನಮ್ಮ ಜಂಬಕ್ಕೆ ಬೀಳಬೇಕಿದ್ದ ಪೆಟ್ಟನ್ನು ಮಗನ ಮೇಲೆ ಹಾಕಿದೆವು. ಅವನು ಫೇಲಾದದ್ದಕ್ಕಿಂತ, ಜನರೆದುರು ನಮ್ಮ ತಲೆ ತಗ್ಗಿತೆಂಬುದೇ ಅಂದು ನಮ್ಮನ್ನು ಸುಟ್ಟದ್ದು. ಮಗು ನಮ್ಮ ಕೈಕೆಲಸವಲ್ಲ. ನಾವೂ ಅವನೂ ಬೇರೊಬ್ಬ ಕುಂಬಾರರ ತಿಗರಿಯ ಮೇಲಿದ್ದೇವೆ. ಆ ತಿಗರಿಯಲ್ಲಿ ನಾವಿನ್ನೂ ಪೂರ್ತಿಯಾಗಿಲ್ಲ.

ಬೋಕಿಯ ಕೆಲಸ

ಸ್ಟುಡಿಯೋ ಕುಂಬಾರರಲ್ಲೂ ನಮ್ಮ ಅಜ್ಜನ ಬೋಕಿಯಂಥದೇ ಒಂದು ಪದ್ಧತಿಯಿದೆ. ಸುಟ್ಟ ಮಣ್ಣಿನ ಚೂರುಗಳನ್ನು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುತ್ತಾರೆ. ಇದನ್ನು ಗ್ರಾಗ್ ಎನ್ನುತ್ತಾರೆ. ಒಮ್ಮೆ ಬೆಂಕಿ ಕಂಡ ಈ ಪುಡಿ ಮತ್ತೆ ಕುಗ್ಗುವುದಿಲ್ಲ. ಆದ್ದರಿಂದ ಅದನ್ನು ಬೆರೆಸಿದ ಮಣ್ಣು ಒಣಗುವಾಗ ಕಡಿಮೆ ಬಿರಿಯುತ್ತದೆ, ಬೆಂಕಿಯನ್ನು ಚೆನ್ನಾಗಿ ತಾಳುತ್ತದೆ. ದೊಡ್ಡ ಹರವಿಗಳನ್ನು, ಆಳೆತ್ತರದ ಮೂರ್ತಿಗಳನ್ನು ಮಾಡುವವರು ಗ್ರಾಗ್ ಇಲ್ಲದೆ ಕೈ ಹಾಕುವುದು ಕಡಿಮೆ. ಅಂದರೆ ಸುಟ್ಟು ಒಡೆದ ಮೇಲೂ, ಇನ್ನು ಕೆಸರಾಗಲಾರದೆಂದ ಮೇಲೂ, ಅದಕ್ಕೆ ಕೆಲಸವಿದೆ.

ಹಸಿ ಮಣ್ಣಿನ ಮಾತು ಮಕ್ಕಳಿಗಾದರೆ, ಈ ಮಾತು ನಮ್ಮಂತಹ ದೊಡ್ಡವರಿಗೆ. ನಲವತ್ತು ಐವತ್ತು ದಾಟಿದ ನಾವು ಹೆಚ್ಚುಕಡಿಮೆ ಸುಟ್ಟ ಪಾತ್ರೆಗಳೇ. ವ್ಯಾಪಾರದಲ್ಲಿ ಸೋತವರಿದ್ದೇವೆ, ಮಳೆ ಕೈಕೊಟ್ಟು ಹೊಲ ಮಾರಿದವರಿದ್ದೇವೆ, ಕುಡಿತದಿಂದ ಮನೆ ಹಾಳು ಮಾಡಿಕೊಂಡು ಈಗ ಎದ್ದು ನಿಂತವರಿದ್ದೇವೆ. ನಾರಾಯಣಪೇಟೆ, ಗದ್ವಾಲಗಳಲ್ಲಿ ಮಗ್ಗ ನಿಲ್ಲಿಸಿ ಹೈದರಾಬಾದಿನಲ್ಲಿ ಕೂಲಿಗೆ ನಿಂತವರೂ ಇದ್ದಾರೆ. ಆ ಸೋಲುಗಳನ್ನು ಮಕ್ಕಳಿಂದ ಬಚ್ಚಿಡುತ್ತೇವೆ. ಅವರೆದುರು ನಾವೆಂದೂ ಬಿರುಕು ಬಿಡದವರಂತೆ ನಿಲ್ಲುತ್ತೇವೆ. ಆದರೆ ಮಗನೊಬ್ಬ ಸೋತು ಬಂದಾಗ ಅವನ ಮೇಲೆ ಹೊದಿಸಬೇಕಾದದ್ದು ನಮ್ಮ ಅದೇ ಚೂರುಗಳನ್ನಲ್ಲವೇ?

ಮರುದಿನ ಬೆಳಿಗ್ಗೆ ಹೊಸ ಗಡಿಗೆಗೆ ನೀರು ತುಂಬುತ್ತಿದ್ದ ಮಗನ ಪಕ್ಕ ಹೋಗಿ ಕುಳಿತೆವು. ಏನು ಹೇಳಬೇಕೆಂದು ತೋಚಲಿಲ್ಲ. ಕೊನೆಗೆ, ನಾವು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಫೇಲಾಗಿದ್ದೆವು ಎಂದೆವು. ಅವನಿಗೆ ಅದು ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ನಮ್ಮ ಅಪ್ಪ ಅಂದು ಏನೂ ಅನ್ನದೆ ಹೊಲಕ್ಕೆ ಕರೆದೊಯ್ದು ಸಂಜೆಯವರೆಗೂ ಜೊತೆಯಲ್ಲಿ ಕಡಲೆ ಕಿತ್ತದ್ದನ್ನೂ ಹೇಳಿದೆವು. ಆ ರಾತ್ರಿ ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದೆವು. ತಂದೆಯಾದವನು ಮಗನ ಕ್ಷಮೆ ಕೇಳುವುದು ನಮ್ಮ ಕಡೆ ರೂಢಿಯಲ್ಲ. ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರುವುದಕ್ಕಿಂತ ಅದು ಕಷ್ಟವೆನಿಸಿತು. ಹುಡುಗ ಏನೂ ಅನ್ನಲಿಲ್ಲ. ಗಡಿಗೆ ತುಂಬಿದ ಮೇಲೆ ಒಂದು ಲೋಟ ನೀರು ತೆಗೆದು ನಮ್ಮ ಕೈಗೆ ಕೊಟ್ಟ.

ಆಮೇಲೆ ಅವನು ಸಪ್ಲಿಮೆಂಟರಿ ಪರೀಕ್ಷೆ ಬರೆದ. ಒಂದು ವಿಷಯ ಪಾಸಾಯಿತು, ಇನ್ನೊಂದು ಬಾಕಿ ಉಳಿಯಿತು. ಪವಾಡವೇನೂ ನಡೆಯಲಿಲ್ಲ. ಆದರೆ ಈಗ ಮನೆಯಲ್ಲಿ ಅವನ ದನಿ ಕೇಳುತ್ತದೆ. ಓದಿನಲ್ಲಿ ಎಲ್ಲಿ ತೊಡಕಾಗುತ್ತಿದೆ ಎಂದು ಅವನೇ ಬಂದು ಹೇಳುತ್ತಾನೆ. ಮೊದಲು ಹೇಳುತ್ತಿರಲಿಲ್ಲ, ಏಕೆಂದರೆ ಕೇಳುವಂತೆ ನಾವಿರಲಿಲ್ಲ.

ಪ್ರಿಯ ಓದುಗರೇ, ಈ ವರ್ಷವೂ ಫಲಿತಾಂಶದ ದಿನ ಬರುತ್ತದೆ. ನಮ್ಮ ಧರ್ಮಕೇಂದ್ರದ ಎಷ್ಟೋ ಮನೆಗಳಲ್ಲಿ ಮಕ್ಕಳು ಅಂದು ತಂದೆತಾಯಿಯ ಮುಖ ನೋಡುತ್ತಾರೆ. ಕೆಲವು ಕಡೆ ಅಂಥ ದಿನ ಮನೆಬಿಟ್ಟು ಹೋದ ಮಕ್ಕಳಿದ್ದಾರೆ, ಮರಳಿ ಬಾರದ ಮಕ್ಕಳೂ ಇದ್ದಾರೆ. ಆ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಅಂದು ಸಂಜೆ ನಿಮ್ಮ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಅಂಕಪಟ್ಟಿ ಕೇಳುವ ಮುಂಚೆ, ನೀವು ಸೋತ ಒಂದು ದಿನದ ಕಥೆ ಹೇಳಿ. ನೆರೆಮನೆಯಲ್ಲಿ ಅಂಥ ಮಗುವಿದ್ದರೆ ಅದನ್ನೂ ಊಟಕ್ಕೆ ಕರೆಯಿರಿ. ಎಷ್ಟು ಅಂಕ ಬಂತೆಂದು ಮಾತ್ರ ಕೇಳಬೇಡಿ.

ಅಂದು ಅಜ್ಜನ ಹತ್ತಿರ ನಾವು ಕೊಂಡದ್ದು ಆ ಬಾಯಿ ಸೊಟ್ಟಗಿದ್ದ ಗಡಿಗೆಯನ್ನೇ. ಆರಿಸಿದವನು ಮಗ. ಹತ್ತು ರೂಪಾಯಿ ಕಡಿಮೆ ಕೊಡಲು ಹೋದರೆ ಅವನು ತಡೆದು, ಪೂರ್ತಿ ಹಣ ಕೊಡಿಸಿದ. ಈ ಬೇಸಿಗೆಗೂ ಅದನ್ನು ಬದಲಿಸಿಲ್ಲ. ನೀರು ತಂಪಾಗಿಯೇ ಇದೆ.